ಚಪ್ಪಾಳೆಗೆ ಕೆಂಪು ಕಾರ್ಡ್: ಕಾಲಿಡು ಕುಲಿಬಾಲಿ ಪ್ರಕರಣ

2018ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮರುದಿನ. ಇಟಲಿಯ ಮಿಲಾನ್ ನಗರದ ಸ್ಯಾನ್ ಸಿರೋ ಸ್ಟೇಡಿಯಂನಲ್ಲಿ ಅದೇ ಊರಿನ ಇಂಟರ್ ಮತ್ತು ದಕ್ಷಿಣದ ನೇಪಲ್ಸ್ ಊರಿನ ನಾಪೋಲಿ ಕ್ಲಬ್ಬುಗಳು ಆಡುತ್ತಿದ್ದವು. ನಮ್ಮ ಗಡಿಯಾರದಲ್ಲಿ ಆಗ ನಡುರಾತ್ರಿ ದಾಟಿತ್ತು. ಪಂದ್ಯ ಮುಗಿಯಲು ಸುಮಾರು ಹತ್ತು ನಿಮಿಷ ಬಾಕಿ, ಇನ್ನೂ 0-0. ಇಂಟರ್‌ನ ಪೊಲಿಟಾನೊ ಚೆಂಡು ತಗೊಂಡು ಓಡುತ್ತಿದ್ದ. ನಾಪೋಲಿಯ ಸೆಂಟರ್ ಬ್ಯಾಕ್ ಅವನನ್ನು ತಡೆಯಲು ಹೋಗಿ ಫೌಲ್ ಮಾಡಿದ. ರೆಫರಿ ಪಾವೊಲೊ ಮಜ್ಜೊಲೆನಿ ಹಳದಿ ಕಾರ್ಡ್ ತೋರಿಸಿದರು. ಆ ಆಟಗಾರ ಬೈಯಲಿಲ್ಲ, ಮೈಮೇಲೆ ಹೋಗಲಿಲ್ಲ. ರೆಫರಿಯ ಮುಖ ನೋಡಿ ಚಪ್ಪಾಳೆ ತಟ್ಟಿದ. ‘ಆಹಾ, ಏನು ನ್ಯಾಯ ಸ್ವಾಮಿ’ ಅನ್ನೋ ಥರ. ತಕ್ಷಣ ಎರಡನೇ ಹಳದಿ, ಅದರ ಬೆನ್ನಿಗೇ ಕೆಂಪು.

ಅವನು ಹೊರಗೆ ನಡೆದ. ಹತ್ತೇ ಜನ ಉಳಿದ ನಾಪೋಲಿ 90 ನಿಮಿಷ ಹೇಗೋ ತಡೆದುಕೊಂಡಿತು. ಹೆಚ್ಚುವರಿ ಸಮಯದಲ್ಲಿ ಲೌಟಾರೊ ಮಾರ್ಟಿನೆಜ್ ಗೋಲು ಹೊಡೆದ. ಅದಾದ ಮೇಲೆ ನಾಪೋಲಿಯ ಇನ್‌ಸಿನ್ಯೆಗೂ ಕೆಂಪು ಕಾರ್ಡ್ ಬಿತ್ತು. ಪಂದ್ಯ 1-0.

ಇಷ್ಟೇ ಕೇಳಿದರೆ ಇದು ವಾರಕ್ಕೊಮ್ಮೆ ಎಲ್ಲಾದರೂ ನಡೆಯೋ ಸಂಗತಿ. ಆಟಗಾರನಿಗೆ ತಲೆ ಕೆಟ್ಟಿತು, ತಂಡ ಸೋತಿತು, ಮುಗೀತು. ಆದರೆ ಈ ಚಪ್ಪಾಳೆಯ ಹಿಂದೆ ಎಂಬತ್ತು ನಿಮಿಷ ಇದೆ. ಆ ಎಂಬತ್ತು ನಿಮಿಷವೂ ಈ ಆಟಗಾರನ ಕಾಲಿಗೆ ಚೆಂಡು ಬಂದಾಗೆಲ್ಲ ಗ್ಯಾಲರಿಯ ಒಂದು ಭಾಗದಿಂದ ಕೋತಿಯ ಕೂಗು ಏಳುತ್ತಿತ್ತು. ‘ಬೂ... ಬೂ...’ ಅಂತ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಗುವನ್ನು ‘ಏಯ್ ಕೋತಿ’ ಅಂತ ಮುದ್ದಿಗೂ ಬೈಯುತ್ತೇವೆ, ಹನುಮಂತನ ಗುಡಿ ಊರಿಗೊಂದು ಇದೆ. ಹಾಗಾಗಿ ಆ ಕೂಗು ಎಷ್ಟು ಆಳಕ್ಕೆ ಇರಿಯುತ್ತದೆ ಅಂತ ನಮಗೆ ತಟ್ಟನೆ ಹೊಳೆಯದೇ ಇರಬಹುದು. ಯುರೋಪಿನಲ್ಲಿ ಕಪ್ಪು ಮನುಷ್ಯನಿಗೆ ಅದನ್ನು ಕೂಗಿದರೆ ಅರ್ಥ ಒಂದೇ: ನೀನು ಮನುಷ್ಯ ಅಲ್ಲ. ಗುಲಾಮಗಿರಿಯ ಕಾಲದಿಂದ ಬಂದ ಬೈಗುಳ ಅದು. ಅದರಲ್ಲಿ ತಮಾಷೆ ಒಂದು ಚೂರೂ ಇಲ್ಲ.

ಅವತ್ತು ಮೈದಾನದಲ್ಲಿ ಎರಡು ನಿಯಮಗಳು ಇದ್ದವು. ಒಂದು, ರೆಫರಿಯನ್ನು ಅಣಕಿಸಿದ ಆಟಗಾರನಿಗೆ ಕಾರ್ಡ್ ಕೊಡೋದು. ಇನ್ನೊಂದು, ಜನಾಂಗ ನಿಂದನೆಯ ಕೂಗು ಬಂದರೆ ಪಂದ್ಯ ನಿಲ್ಲಿಸೋದು. ಮೊದಲನೆಯದು ಎರಡೇ ಸೆಕೆಂಡಿನಲ್ಲಿ ಕೆಲಸ ಮಾಡಿತು. ಎರಡನೆಯದು ಎಂಬತ್ತು ನಿಮಿಷವಾದರೂ ಅಲುಗಾಡಲಿಲ್ಲ. ಯಾಕೆ? ಈ ಬರಹ ಆ ‘ಯಾಕೆ’ಯ ಬೆನ್ನು ಹತ್ತಿದ್ದು.

ಆಟಗಾರ ಯಾರು

ಕಾಲಿಡು ಕುಲಿಬಾಲಿ. ಕನ್ನಡದಲ್ಲಿ ಬರೆದರೆ ಹೆಸರು ಹಾಗೇ ‘ಕಾಲಿಡು’ ಅಂತಾಗುತ್ತದೆ. ಡಿಫೆಂಡರ್‌ಗೆ ಇದಕ್ಕಿಂತ ಒಪ್ಪೋ ಹೆಸರು ಇಲ್ಲ ಬಿಡಿ. ಹುಟ್ಟಿದ್ದು 1991ರ ಜೂನ್ 20ರಂದು, ಫ್ರಾನ್ಸಿನ ಪೂರ್ವ ಭಾಗದ ಸೇಂಟ್ ಡಿಯೆ ಎಂಬ ಚಿಕ್ಕ ಊರಿನಲ್ಲಿ. ಅಪ್ಪ ಅಮ್ಮ ಸೆನೆಗಲ್‌ನವರು. ಅಪ್ಪ ಮೊದಲು ಬಂದು ದುಡಿದು, ಆಮೇಲೆ ಅಮ್ಮನನ್ನು ಕರೆಸಿಕೊಂಡವರು.

2002ರ ವಿಶ್ವಕಪ್‌ನ ಮೊದಲ ಪಂದ್ಯ ಫ್ರಾನ್ಸ್ ಮತ್ತು ಸೆನೆಗಲ್ ನಡುವೆ. ಹುಡುಗನಿಗೆ ಹನ್ನೊಂದು ತುಂಬಲು ಇನ್ನು ಮೂರೇ ವಾರ. ಪಂದ್ಯ ಶಾಲೆಯ ಹೊತ್ತಿನಲ್ಲೇ ಬಿತ್ತು. ಟೀಚರ್ ಪಾಠ ಬಿಟ್ಟು ಟಿವಿ ಹಾಕಿದರಂತೆ. ವಿಶ್ವ ಚಾಂಪಿಯನ್ ಫ್ರಾನ್ಸನ್ನು ಸೆನೆಗಲ್ 1-0ರಲ್ಲಿ ಸೋಲಿಸಿತು. ಗೋಲು ಪಾಪಾ ಬೌಬಾ ಡಿಯೋಪ್‌ದು. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಮೆಟ್ಸ್ ಕ್ಲಬ್ಬಿನವರು ಇವನನ್ನು ಚಿಕ್ಕಂದಿನಲ್ಲೇ ಸೇರಿಸಿಕೊಂಡು, ಸಾಲದು ಅಂತ ವಾಪಸ್ ಕಳಿಸಿದರು. ಊರ ಕ್ಲಬ್ಬಿನಲ್ಲಿ ಆಡಿ ಮತ್ತೆ ಅಲ್ಲಿಗೇ ಹೋದ. 2012ರಲ್ಲಿ ಮೆಟ್ಸ್ ಮೂರನೇ ದರ್ಜೆಗೆ ಇಳಿದಾಗ ಬೆಲ್ಜಿಯಂನ ಗೆಂಕ್ ಸೇರಿದ. ಮರುವರ್ಷ ಅಲ್ಲಿ ಬೆಲ್ಜಿಯನ್ ಕಪ್ ಗೆದ್ದ. ಅಲ್ಲಿಂದ 2014ರಲ್ಲಿ ನಾಪೋಲಿ.

ನಾಪೋಲಿಗೆ ಹೋದ ಕಥೆಯನ್ನು ಅವನೇ ನಗುತ್ತ ಹೇಳಿಕೊಂಡಿದ್ದಾನೆ. ನಾಪೋಲಿಯ ಆಗಿನ ಕೋಚ್ ರಫಾ ಬೆನಿಟೆಜ್ ಫೋನ್ ಮಾಡಿದಾಗ ಯಾರೋ ಗೆಳೆಯ ಆಟ ಆಡಿಸ್ತಿದ್ದಾನೆ ಅಂದುಕೊಂಡು ಕಟ್ ಮಾಡಿಬಿಟ್ಟನಂತೆ. ಆಮೇಲೆ ನೇಪಲ್ಸ್‌ಗೆ ಬಂದಾಗ ಬೆನಿಟೆಜ್ ಇವನನ್ನು ಊಟಕ್ಕೆ ಕೂರಿಸಿಕೊಂಡು, ಮೇಜಿನ ಮೇಲಿನ ಗ್ಲಾಸುಗಳನ್ನೆಲ್ಲ ಎಳೆದು, ಇದು ನೀನು, ಇದು ನಿನ್ನ ಜೊತೆಗಾರ, ಚೆಂಡು ಇಲ್ಲಿಗೆ ಬಂದರೆ ನೀನು ಎಲ್ಲಿರಬೇಕು ಅಂತ ಒಂದೊಂದಾಗಿ ಸರಿಸುತ್ತ ಪಾಠ ಶುರು ಮಾಡಿದರು. ಕ್ಲಬ್ ಅಧ್ಯಕ್ಷ ಡೆ ಲಾರೆಂಟಿಸ್‌ಗೆ ಬೇರೆಯದೇ ಚಿಂತೆ: ಎಲ್ಲ ಕಡೆ 1.92 ಮೀಟರ್ ಅಂತ ಬರೆದಿದ್ದಾರೆ, ನೀನು ಅಷ್ಟು ಎತ್ತರ ಇಲ್ಲವಲ್ಲ! ಕಮ್ಮಿ ಬಿದ್ದ ಸೆಂಟಿಮೀಟರ್‌ಗಳನ್ನು ಮೈದಾನದಲ್ಲಿ ಕೊಡ್ತೀನಿ ಅಂತ ಇವನು ಉತ್ತರ ಕೊಟ್ಟನಂತೆ.

ಕೊಟ್ಟ ಕೂಡ. ಆದರೆ ಕೂಡಲೇ ಅಲ್ಲ. ಮೊದಲ ವರ್ಷ ಏರುಪೇರಾಗಿಯೇ ಇತ್ತು. 2015ರಲ್ಲಿ ಮೌರಿಜಿಯೊ ಸಾರ್ರಿ ಕೋಚ್ ಆಗಿ ಬಂದ ಮೇಲೆ ಆಟ ಕುದುರಿತು. ಸಾರ್ರಿಯವರ ಪದ್ಧತಿಯಲ್ಲಿ ಡಿಫೆಂಡರ್ ಎದುರಾಳಿಯ ಬೆನ್ನು ಹತ್ತಿ ತಿರುಗುವಂತಿಲ್ಲ. ನಾಲ್ಕು ಜನ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಮುಂದೆ ಬರಬೇಕು, ಹಿಂದೆ ಸರಿಯಬೇಕು. ಕಣ್ಣು ಚೆಂಡಿನ ಮೇಲೆ. ಈ ನಾಲ್ವರ ಸಾಲು ಮೈದಾನದ ನಡುವಿನವರೆಗೂ ಏರಿರುತ್ತದೆ, ಬೆನ್ನ ಹಿಂದೆ ನಲವತ್ತು ಮೀಟರ್ ಖಾಲಿ ಜಾಗ. ಒಬ್ಬ ಅರೆ ಕ್ಷಣ ಮೈಮರೆತರೂ ಗೋಲು. ಇಂಥ ಆಟಕ್ಕೆ ಕಾಲಿನ ವೇಗಕ್ಕಿಂತ ತಲೆಯ ನೆಮ್ಮದಿ ಜಾಸ್ತಿ ಬೇಕು. ಫಾರ್ವರ್ಡ್ ಆಟಗಾರ ಹತ್ತು ಸಲ ತಪ್ಪಿ ಒಂದು ಸಲ ಸರಿ ಮಾಡಿದರೂ ಹೀರೋ. ಡಿಫೆಂಡರ್‌ದು ಉಲ್ಟಾ ಲೆಕ್ಕ. ಅವನ ತಲೆಯೊಳಗೆ ಎಂಬತ್ತು ನಿಮಿಷ ‘ಬೂ’ ತುಂಬಿದರೆ ಏನಾಗುತ್ತದೆ ಅನ್ನೋದನ್ನು ಈ ಲೆಕ್ಕ ಇಟ್ಟುಕೊಂಡೇ ನೋಡಬೇಕು.

2018ರ ಏಪ್ರಿಲ್ 22ರಂದು ಟುರಿನ್‌ನಲ್ಲಿ ಯುವೆಂಟಸ್ ವಿರುದ್ಧ 90ನೇ ನಿಮಿಷದ ಕಾರ್ನರ್‌ಗೆ ಹಾರಿ ಹೆಡರ್ ಹೊಡೆದು 1-0ರಲ್ಲಿ ಗೆಲ್ಲಿಸಿದವನು ಇವನೇ. ಲೀಗ್‌ನ ಅಗ್ರಸ್ಥಾನದಲ್ಲಿದ್ದ ಯುವೆಂಟಸ್‌ಗೂ ನಾಪೋಲಿಗೂ ನಡುವೆ ಆಗ ಉಳಿದದ್ದು ಒಂದೇ ಅಂಕ. ಮುಂದಿನ ವಾರವೇ ಫ್ಲಾರೆನ್ಸ್‌ನಲ್ಲಿ 8ನೇ ನಿಮಿಷಕ್ಕೆ ಕೆಂಪು ಕಾರ್ಡ್ ಸಿಕ್ಕಿ ಹೊರಗೆ ಹೋದ, ತಂಡ 3-0ರಲ್ಲಿ ಸೋತಿತು. ನಾಪೋಲಿ 91 ಅಂಕ ಗಳಿಸಿಯೂ ಎರಡನೇ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು. ಇವನ ಜೀವನದಲ್ಲಿ ಕಾರ್ಡುಗಳು ಬರೋದೇ ಹೀಗೆ, ಸರಿಯಾಗಿ ಕೆಟ್ಟ ಹೊತ್ತಿಗೆ.

ಅದೇ ಮನುಷ್ಯ, ಬೇರೆ ರೆಫರಿ

ಸ್ಯಾನ್ ಸಿರೋ ರಾತ್ರಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸುಮಾರು ಮೂರು ವರ್ಷ ಹಿಂದೆ ಹೋಗಬೇಕು. 2016ರ ಫೆಬ್ರವರಿ 3, ರೋಮ್. ಲಾಜಿಯೊ ವಿರುದ್ಧ ನಾಪೋಲಿ. ಅಲ್ಲೂ ಇದೇ ಕುಲಿಬಾಲಿ, ಇದೇ ಕೋತಿ ಕೂಗು. ಎರಡನೇ ಅರ್ಧದಲ್ಲಿ ರೆಫರಿ ಮಾಸ್ಸಿಮಿಲಿಯಾನೊ ಇರ್ರಾತಿ ಪಂದ್ಯ ನಿಲ್ಲಿಸಿಬಿಟ್ಟರು. ಆಟಗಾರರು ನಿಂತರು, ಮೈಕಿನಲ್ಲಿ ಎಚ್ಚರಿಕೆ ಬಂತು. ಮೂರು ನಾಲ್ಕು ನಿಮಿಷದ ಮೇಲೆ ಆಟ ಮತ್ತೆ ಶುರುವಾಯಿತು. ನಾಪೋಲಿ 2-0ರಲ್ಲಿ ಗೆದ್ದಿತು. ಕುಲಿಬಾಲಿ ರೆಫರಿಗೆ ಧನ್ಯವಾದ ಹೇಳಿದ. ಲಾಜಿಯೊ ಕ್ಲಬ್ಬಿಗೆ ದಂಡ ಬಿತ್ತು, ಗ್ಯಾಲರಿಯ ಒಂದು ಭಾಗಕ್ಕೆ ಬೀಗ ಬಿತ್ತು.

ನಾಲ್ಕು ದಿನ ಬಿಟ್ಟು ನೇಪಲ್ಸ್‌ನಲ್ಲಿ ಕಾರ್ಪಿ ವಿರುದ್ಧ ಪಂದ್ಯ. ಸ್ಯಾನ್ ಪಾವೊಲೊ ಸ್ಟೇಡಿಯಂನಲ್ಲಿ ಸಾವಿರಾರು ಜನ ಕಾಗದದ ಮುಖವಾಡ ಹಾಕಿಕೊಂಡು ಕೂತಿದ್ದರು. ಮುಖವಾಡದ ಮೇಲೆ ಕುಲಿಬಾಲಿಯ ಮುಖ. ಬಿಳಿ ಕೈಗಳು, ಬಿಳಿ ಕುತ್ತಿಗೆ, ಮೇಲೆ ಕಪ್ಪು ಮುಖ, ಗ್ಯಾಲರಿ ಪೂರ್ತಿ. ಆ ಫೋಟೋ ನೋಡಿದರೆ ಇವತ್ತಿಗೂ ಒಂಥರಾ ಆಗುತ್ತದೆ.

ನೇಪಲ್ಸ್ ಜನಕ್ಕೆ ಇದು ಹೊಸ ನೋವಲ್ಲ ಅನ್ನೋದೂ ನಿಜ. ಉತ್ತರ ಇಟಲಿಯ ಸ್ಟೇಡಿಯಂಗಳಲ್ಲಿ ದಕ್ಷಿಣದವರನ್ನು ಕೊಳಕರು ಅಂತ ಬೈಯೋದು ಹಳೇ ರೂಢಿ. ಊರಿನ ಪಕ್ಕದ ಜ್ವಾಲಾಮುಖಿ ವೆಸುವಿಯಸ್ ಅನ್ನು ಕರೆದು, ಇವರನ್ನು ಬೆಂಕಿಯಲ್ಲಿ ತೊಳೆ ಅಂತ ಹಾಡು ಕಟ್ಟಿ ಕೂಗುತ್ತಾರೆ. ಹಾಗಾಗಿ ಕುಲಿಬಾಲಿ ಅವತ್ತು ಎರಡು ಬೈಗುಳಗಳ ನಡುವೆ ನಿಂತಿದ್ದ: ಬಣ್ಣದ್ದು ಒಂದು, ಊರಿನದು ಇನ್ನೊಂದು.

ಆ ರಾತ್ರಿ ಏನಾಯಿತು

ಪಂದ್ಯಕ್ಕೆ ಮುಂಚೆಯೇ ಗಾಳಿ ಕೆಟ್ಟಿತ್ತು. ಸ್ಟೇಡಿಯಂ ಹತ್ತಿರದ ರಸ್ತೆಯಲ್ಲಿ ಎರಡೂ ಕಡೆಯ ಬೆಂಬಲಿಗರು ಹೊಡೆದಾಡಿದ್ದರು. ಅದರಲ್ಲಿ ವಾಹನಕ್ಕೆ ಸಿಕ್ಕಿದ ಒಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ.

ಒಳಗೆ ಆಟ ಶುರುವಾದ ಮೇಲೆ ಕೂಗು ನಿಲ್ಲಲೇ ಇಲ್ಲ. ನಾಪೋಲಿಯ ಕೋಚ್ ಆಗ ಕಾರ್ಲೊ ಅಂಚೆಲೊಟ್ಟಿ. ಪಂದ್ಯ ನಿಲ್ಲಿಸಿ ಅಂತ ಮೂರು ಸಲ ಕೇಳಿದೆವು ಅಂತ ಅವರು ಆಮೇಲೆ ಹೇಳಿದರು. ಮೈಕಿನಲ್ಲಿ ಪ್ರಕಟಣೆ ಬಂತು, ಆಟ ಮಾತ್ರ ನಿಲ್ಲಲಿಲ್ಲ. ಕುಲಿಬಾಲಿಯ ತಲೆ ಕೆಟ್ಟಿತ್ತು, ಅವನು ಸಾಮಾನ್ಯವಾಗಿ ಶಾಂತ ಮನುಷ್ಯ ಅಂತಲೂ ಅಂದರು. ಇನ್ನೊಂದು ಸಲ ಹೀಗಾದರೆ ನಾವೇ ಮೈದಾನ ಬಿಟ್ಟು ಹೋಗ್ತೀವಿ, ಅಂಕ ಕಳಕೊಂಡರೂ ಪರವಾಗಿಲ್ಲ, ಅನ್ನೋ ಮಾತು ಬೇರೆ. ಅಂಚೆಲೊಟ್ಟಿ ಹುಬ್ಬು ಏರಿಸೋದು ಬಿಟ್ಟರೆ ಬೇರೇನೂ ಏರಿಸದ ಮನುಷ್ಯ. ಅವರ ಬಾಯಲ್ಲಿ ಈ ಮಾತು ಬಂದಿದ್ದು ಸಣ್ಣ ವಿಷಯವಲ್ಲ.

ಇಂಟರ್ ತಂಡದಲ್ಲೂ ಆಫ್ರಿಕಾದ ಡಿಫೆಂಡರ್ ಇದ್ದ, ಘಾನಾದ ಅಸಮೋವಾ. ಕೂಗುತ್ತಿದ್ದವರು ತಮ್ಮದೇ ತಂಡದ ಎಡಗಡೆ ಯಾರು ಆಡುತ್ತಿದ್ದಾರೆ ಅಂತ ಯಾಕೆ ನೋಡಲಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದು ವ್ಯರ್ಥ. ಅಂಥವರಿಗೆ ಕಪ್ಪು ಮನುಷ್ಯ ತಮ್ಮ ಅಂಗಿ ಹಾಕಿಕೊಂಡಿರೋ ತನಕ ಮಾತ್ರ ಮನುಷ್ಯ.

ಆ ಸೋಲಿನ ಬೆಲೆ ಎಷ್ಟು? ಅದೇ ದಿನ ಅಗ್ರಸ್ಥಾನದ ಯುವೆಂಟಸ್ ಅಟಲಾಂಟಾ ಎದುರು 2-2 ಡ್ರಾ ಮಾಡಿಕೊಂಡಿತ್ತು. ನಾಪೋಲಿ ಗೆದ್ದಿದ್ದರೆ ಅಂತರ 6 ಅಂಕಕ್ಕೆ ಇಳಿಯುತ್ತಿತ್ತು. ಸೋತಿದ್ದರಿಂದ 9 ಆಯಿತು. ಲೀಗ್ ಅಲ್ಲಿಗೇ ಮುಗಿಯಿತು ಅಂತ ಹೇಳಲಾರೆ, ಆದರೆ ಮತ್ತೆ ಅಷ್ಟು ಹತ್ತಿರ ಹೋಗೋ ದಾರಿ ಸಿಗಲಿಲ್ಲ. ಕೊನೆಗೆ ಯುವೆಂಟಸ್ 11 ಅಂಕ ಮುಂದೆ ಇತ್ತು.

ಪಂದ್ಯದ ನಂತರ ಕುಲಿಬಾಲಿ ಟ್ವಿಟರ್‌ನಲ್ಲಿ ಬರೆದಿದ್ದು ನಾಲ್ಕೇ ಸಾಲು. ಸೋತಿದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಅಣ್ಣತಮ್ಮಂದಿರನ್ನು ನಡುವೆ ಬಿಟ್ಟು ಬಂದಿದ್ದಕ್ಕೆ ಬೇಜಾರಾಗಿದೆ. ಆದರೆ ನನ್ನ ಚರ್ಮದ ಬಣ್ಣದ ಬಗ್ಗೆ ಹೆಮ್ಮೆ ಇದೆ. ಫ್ರೆಂಚ್, ಸೆನೆಗಲೀಸ್, ನೇಪಲ್ಸ್‌ನವ, ಮನುಷ್ಯ ಆಗಿರೋದಕ್ಕೆ ಹೆಮ್ಮೆ ಇದೆ. ಗಮನಿಸಿ, ಮೊದಲು ಬಂದಿದ್ದು ತಂಡದ ಕ್ಷಮೆ. ಬೈಸಿಕೊಂಡವನೇ ಮೊದಲು ಕ್ಷಮೆ ಕೇಳಿದ.

ನಿಯಮ ಎಲ್ಲಿ ಸಿಕ್ಕಿಹಾಕಿಕೊಂಡಿತು

ಈಗ ಮೂಲ ಪ್ರಶ್ನೆಗೆ ಬರೋಣ. ರೆಫರಿಯನ್ನು ಬೈದು ಮುಗಿಸಿದರೆ ಸುಲಭ. ನಾಪೋಲಿ ಅಭಿಮಾನಿಗಳು ಹಾಗೇ ಮಾಡಿದರು. ಅವರಿಗೆ ಮಜ್ಜೊಲೆನಿ ಮೇಲೆ 2012ರಿಂದಲೇ ಸಿಟ್ಟು. ಆ ವರ್ಷ ಬೀಜಿಂಗ್‌ನಲ್ಲಿ ನಡೆದ ಇಟಾಲಿಯನ್ ಸೂಪರ್ ಕಪ್‌ನಲ್ಲಿ ಇದೇ ರೆಫರಿ ನಾಪೋಲಿಯ ಇಬ್ಬರನ್ನು ಹೊರಗೆ ಕಳಿಸಿದ್ದರು, ತಂಡ ಬಹುಮಾನ ಸಮಾರಂಭಕ್ಕೇ ಹೋಗಿರಲಿಲ್ಲ. ಆದರೆ ವೈಯಕ್ತಿಕ ಸಿಟ್ಟನ್ನು ಪಕ್ಕಕ್ಕಿಟ್ಟು ನೋಡಿದರೆ ಎರಡು ವಿಷಯ ಕಾಣುತ್ತವೆ.

ಒಂದು, ಕಾರ್ಡ್ ತಾಂತ್ರಿಕವಾಗಿ ಸರಿ ಇತ್ತು. ಫುಟ್‌ಬಾಲ್ ನಿಯಮದ ಪ್ರಕಾರ ಮಾತಿನಿಂದಲೋ ಸನ್ನೆಯಿಂದಲೋ ರೆಫರಿಯ ತೀರ್ಪಿಗೆ ಅಸಮಾಧಾನ ತೋರಿಸಿದರೆ ಹಳದಿ ಕಾರ್ಡ್. ವ್ಯಂಗ್ಯದ ಚಪ್ಪಾಳೆ ಅದರೊಳಗೇ ಬರುತ್ತದೆ. ಈ ಅಧಿಕಾರ ಪೂರ್ತಿ ರೆಫರಿಯ ಜೇಬಿನಲ್ಲೇ ಇದೆ. ಯಾರನ್ನೂ ಕೇಳಬೇಕಿಲ್ಲ.

ಇನ್ನೊಂದು, ಪಂದ್ಯ ನಿಲ್ಲಿಸೋ ಅಧಿಕಾರ ಹಾಗಿಲ್ಲ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2009ರಲ್ಲಿ ಮೂರು ಹೆಜ್ಜೆಯ ಕ್ರಮ ತಂದಿತ್ತು: ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಹೇಳಿಸು, ಆಮೇಲೂ ಮುಂದುವರಿದರೆ ಆಟಗಾರರನ್ನು ಒಳಗೆ ಕಳಿಸು, ಕೊನೆಗೆ ಪಂದ್ಯವನ್ನೇ ರದ್ದು ಮಾಡು. ಇಟಲಿಯಲ್ಲಿ ಇದಕ್ಕೆ ಒಂದು ಗಂಟು ಬಿದ್ದಿದೆ. ರೆಫರಿ ತಾತ್ಕಾಲಿಕವಾಗಿ ನಿಲ್ಲಿಸಬಹುದು, ಇರ್ರಾತಿ ಮಾಡಿದ ಹಾಗೆ. ಆದರೆ ಪಂದ್ಯವನ್ನು ಪೂರ್ತಿ ನಿಲ್ಲಿಸಬೇಕಾ ಅಂತ ತೀರ್ಮಾನಿಸೋದು ಸ್ಟೇಡಿಯಂನಲ್ಲಿರೋ ಸಾರ್ವಜನಿಕ ಭದ್ರತೆಯ ಅಧಿಕಾರಿ. ಅವರು ಗೃಹ ಇಲಾಖೆಯ ಕಡೆಯವರು. ಅವರ ತಲೆಯಲ್ಲಿರೋ ಲೆಕ್ಕ ಬೇರೆ: ಅರವತ್ತು ಸಾವಿರದಷ್ಟು ಜನರನ್ನು ಅರ್ಧದಲ್ಲಿ ಸಿಟ್ಟಿನಿಂದ ರಸ್ತೆಗೆ ಬಿಟ್ಟರೆ ಏನಾಗಬಹುದು? ಅದೂ ಹೊರಗೆ ಆಗಲೇ ಹೊಡೆದಾಟ ನಡೆದ ರಾತ್ರಿ.

ಇವರ ಭಯ ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಫಲಿತಾಂಶ ನೋಡಿ. ಒಬ್ಬನ ಎರಡು ಕೈಗಳಿಗೆ ಸಂಬಂಧಿಸಿದ ನಿಯಮಕ್ಕೆ ಒಬ್ಬನೇ ಮಾಲೀಕ. ಸಾವಿರಾರು ಗಂಟಲುಗಳಿಗೆ ಸಂಬಂಧಿಸಿದ ನಿಯಮಕ್ಕೆ ಮಾಲೀಕರು ಮೂರು ನಾಲ್ಕು ಜನ: ರೆಫರಿ, ಫೆಡರೇಷನ್ನಿನ ಪ್ರತಿನಿಧಿ, ಪೊಲೀಸು, ಮೈಕ್ ಹಿಡಿದವನು. ನಾಲ್ಕು ಜನ ಹೊಣೆ ಹೊತ್ತ ಕೆಲಸ ಹೇಗಿರುತ್ತದೆ ಅಂತ ನಮ್ಮ ಬೀದಿಯ ಚರಂಡಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು ತೊಡಕು. ಕಾರ್ಡ್ ಕೊಟ್ಟರೆ ರೆಫರಿಗೆ ಯಾವ ಅಪಾಯವೂ ಇಲ್ಲ. ಪಂದ್ಯ ನಿಲ್ಲಿಸಿದರೆ ಮರುದಿನ ಪತ್ರಿಕೆಗಳಲ್ಲಿ ಅವರದೇ ಹೆಸರು. ಇರ್ರಾತಿಗೆ ಆ ಧೈರ್ಯ ಬಂತು, ಮಜ್ಜೊಲೆನಿಗೆ ಬರಲಿಲ್ಲ. ಒಬ್ಬ ರೆಫರಿಯ ಎದೆಗಾರಿಕೆಯ ಮೇಲೆ ನಿಂತ ನಿಯಮ ನಿಯಮವೇ ಅಲ್ಲ, ಅದು ಅದೃಷ್ಟ ಅಷ್ಟೇ.

ಮೊದಲ ಸಲವೂ ಅಲ್ಲ

2005ರ ನವೆಂಬರ್ 27. ಸಿಸಿಲಿಯ ಮೆಸ್ಸಿನಾದಲ್ಲಿ ಪಂದ್ಯ, ಎದುರಾಳಿ ಅದೇ ಇಂಟರ್. ಮೆಸ್ಸಿನಾದ ಡಿಫೆಂಡರ್ ಮಾರ್ಕ್ ಜೋರೊ, ಐವರಿ ಕೋಸ್ಟ್‌ನವ. ಇಂಟರ್ ಬೆಂಬಲಿಗರು ಕೂಗಿದ್ದು ತಡೆಯಲಾರದೆ ಚೆಂಡನ್ನು ಕೈಯಲ್ಲಿ ಎತ್ತಿಕೊಂಡ. ಇಕೋ ನಿಮ್ಮ ಚೆಂಡು, ನಾನು ಹೊರಟೆ ಅನ್ನೋ ಹಾಗೆ ಅಂಚಿನ ಕಡೆ ನಡೆದ. ಇಂಟರ್‌ನದೇ ಆಟಗಾರರಾದ ಬ್ರೆಜಿಲ್‌ನ ಆಡ್ರಿಯಾನೊ, ನೈಜೀರಿಯಾದ ಮಾರ್ಟಿನ್ಸ್ ಬಂದು ಸಮಾಧಾನ ಮಾಡಿ ನಿಲ್ಲಿಸಿದರು. ಮುಂದಿನ ವಾರ ಇಟಲಿಯ ಪಂದ್ಯಗಳೆಲ್ಲ ಐದು ನಿಮಿಷ ತಡವಾಗಿ ಶುರುವಾದವು, ಬ್ಯಾನರ್ ಹಿಡಿದರು. ಆಮೇಲೆ ಎಲ್ಲ ಮರೆತರು.

2017ರ ಏಪ್ರಿಲ್ 30. ಪೆಸ್ಕಾರದ ಸುಲ್ಲಿ ಮುಂಟಾರಿ, ಘಾನಾದವ, ಕಾಲ್ಯಾರಿ ಊರಿನಲ್ಲಿ ಆಡುತ್ತಿದ್ದ. ನನ್ನನ್ನು ಬೈಯುತ್ತಿದ್ದಾರೆ ಅಂತ ರೆಫರಿಗೆ ದೂರು ಕೊಟ್ಟ. ದೂರು ಕೊಟ್ಟಿದ್ದಕ್ಕೇ ಹಳದಿ ಕಾರ್ಡ್! ಅವನು ಮೈದಾನ ಬಿಟ್ಟು ನಡೆದ. ಹೇಳದೆ ಹೋದ ಅಂತ ಇನ್ನೊಂದು ಹಳದಿ. ಒಂದು ಪಂದ್ಯದ ನಿಷೇಧ. ಗಲಾಟೆ ಎದ್ದ ಮೇಲೆ ಅದನ್ನು ರದ್ದು ಮಾಡಿದರು. ಕಾಲ್ಯಾರಿ ಕ್ಲಬ್ಬಿಗೆ ಮಾತ್ರ ಶಿಕ್ಷೆ ಇಲ್ಲ, ಯಾಕೆಂದರೆ ಕೂಗಿದವರು ಹತ್ತೇ ಹತ್ತು ಜನವಂತೆ. ಎಷ್ಟು ಜನ ಕೂಗಿದರೆ ಮನುಷ್ಯನಿಗೆ ನೋವಾಗಬೇಕು ಅನ್ನೋದಕ್ಕೂ ಲೆಕ್ಕ ಇದೆ, ನೋಡಿ.

ಮುಂಟಾರಿಯ ನಿಷೇಧ ರದ್ದಾಗಿದ್ದು ಕುಲಿಬಾಲಿ ಪ್ರಕರಣದಲ್ಲಿ ಮುಖ್ಯ. ಕುಲಿಬಾಲಿಗೆ ಬಿದ್ದ ನಿಷೇಧದ ವಿರುದ್ಧ ಅದೇ ಆಸೆಯಿಂದ ನಾಪೋಲಿ ಮೇಲ್ಮನವಿ ಹಾಕಿತು.

ಯಾರಿಗೆ ಎಷ್ಟು ಶಿಕ್ಷೆ

ಇಂಟರ್‌ಗೆ ಎರಡು ಪಂದ್ಯ ಖಾಲಿ ಸ್ಟೇಡಿಯಂನಲ್ಲಿ ಆಡೋ ಶಿಕ್ಷೆ, ಮೂರನೆಯದಕ್ಕೆ ಕೂಗು ಬಂದ ಕಡೆಯ ಗ್ಯಾಲರಿ ಬಂದ್. ಕುಲಿಬಾಲಿಗೆ ಎರಡು ಪಂದ್ಯದ ನಿಷೇಧ: ಎರಡು ಹಳದಿಗೆ ಒಂದು, ಚಪ್ಪಾಳೆಗೆ ಇನ್ನೊಂದು. ಅಂದರೆ ಚಪ್ಪಾಳೆಗೆ ಕಾರ್ಡೂ ಬಿತ್ತು, ಪ್ರತ್ಯೇಕವಾಗಿ ಒಂದು ಪಂದ್ಯವೂ ಹೋಯಿತು. ಮೇಲ್ಮನವಿ ಜನವರಿಯಲ್ಲಿ ವಜಾ ಆಯಿತು. ಮುಂಟಾರಿಗೆ ಸಿಕ್ಕಿದ ರಿಯಾಯಿತಿ ಇವನಿಗೆ ಸಿಗಲಿಲ್ಲ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ತಪ್ಪು ಅಂತ ಬೆರಳಿಟ್ಟು ತೋರಿಸಬಹುದಾದ ಜಾಗ ಇದು. ರೆಫರಿಗೆ ಯೋಚನೆ ಮಾಡಲು ಎರಡು ಸೆಕೆಂಡ್ ಇತ್ತು, ಅವರನ್ನು ಬಿಡೋಣ. ಮೇಲ್ಮನವಿ ಕೇಳಿದವರಿಗೆ ವಾರಗಟ್ಟಲೆ ಸಮಯ ಇತ್ತು, ಮುಂದೆ ವಿಡಿಯೋ ಇತ್ತು, ಇಂಟರ್‌ಗೆ ಶಿಕ್ಷೆ ಕೊಟ್ಟ ಆದೇಶವೂ ಇತ್ತು. ಕೂಗು ನಡೆದದ್ದು ನಿಜ ಅಂತ ಒಪ್ಪಿಕೊಂಡ ವ್ಯವಸ್ಥೆಯೇ, ಆ ಕೂಗಿಗೆ ಬೇಸತ್ತ ಮನುಷ್ಯನ ಚಪ್ಪಾಳೆಗೆ ಬೇರೆ ಬಿಲ್ ಹಾಕಿತು.

ಮಿಲಾನ್‌ನ ಮೇಯರ್ ಜೂಸೆಪ್ಪೆ ಸಾಲಾ ಸ್ವತಃ ಇಂಟರ್ ಅಭಿಮಾನಿ. ಅವರು ನಗರದ ಪರವಾಗಿ ಕುಲಿಬಾಲಿಯ ಕ್ಷಮೆ ಕೇಳಿದರು. ಮುಂದಿನ ಪಂದ್ಯದಲ್ಲಿ ಅಸಮೋವಾಗೆ ನಾಯಕನ ಪಟ್ಟಿ ಕಟ್ಟಿದರೆ ಚೆನ್ನ ಅಂತಲೂ ಸೂಚಿಸಿದರು. ಯುವೆಂಟಸ್‌ನ ರೊನಾಲ್ಡೊ ಕೂಡ ಬೆಂಬಲದ ಪೋಸ್ಟ್ ಹಾಕಿದ. ಆಗಿನ ಗೃಹ ಸಚಿವ ಮ್ಯಾಟೆಯೊ ಸಾಲ್ವಿನಿ ಮಾತ್ರ ಪಂದ್ಯ ನಿಲ್ಲಿಸೋದು, ಸ್ಟೇಡಿಯಂ ಮುಚ್ಚೋದು ಎರಡಕ್ಕೂ ವಿರೋಧ. ಪಂದ್ಯ ರದ್ದು ಮಾಡೋ ಅಧಿಕಾರಿ ಯಾವ ಇಲಾಖೆಯವರು ಅಂತ ಆಗಲೇ ಹೇಳಿದೆನಲ್ಲ, ಆ ಇಲಾಖೆಯ ಸಚಿವರು ಇವರೇ.

ಇಂಟರ್ ತನ್ನ ಖಾಲಿ ಸ್ಟೇಡಿಯಂಗೆ ಅನುಮತಿ ಪಡೆದು ಸಾವಿರಾರು ಮಕ್ಕಳನ್ನು ಕರೆಸಿತು. ‘ಬೂ’ ಅನ್ನೋ ಅಕ್ಷರಗಳಿಗೇ ಅಣ್ಣತಮ್ಮಂದಿರ ಒಗ್ಗಟ್ಟು ಅನ್ನೋ ಅರ್ಥ ಬರೋ ಘೋಷಣೆ ಕಟ್ಟಿ ಪ್ರಚಾರ ಮಾಡಿತು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು ಇರಬಹುದು. ನನಗೆ ಮಾತ್ರ ಗಾಯಕ್ಕೆ ರಂಗೋಲಿ ಹಾಕಿದ ಹಾಗೆ ಕಂಡಿತು.

ನಿಜವಾಗಿ ಬದಲಾಗಿದ್ದು ಒಂದು. 2019ರ ಜನವರಿ ಕೊನೆಯಲ್ಲಿ ಇಟಲಿಯ ಫುಟ್‌ಬಾಲ್ ಫೆಡರೇಷನ್ ಕ್ರಮವನ್ನು ಸರಳ ಮಾಡಿತು. ಮೊದಲ ಕೂಗಿಗೇ ಆಟ ನಿಲ್ಲಿಸಿ ಆಟಗಾರರನ್ನು ಮೈದಾನದ ನಡುವೆ ಸೇರಿಸೋದು, ನಿಲ್ಲದಿದ್ದರೆ ಒಳಗೆ ಕಳಿಸೋದು. ಪಂದ್ಯ ಪೂರ್ತಿ ರದ್ದು ಮಾಡೋ ಕೀಲಿ ಮಾತ್ರ ಭದ್ರತಾ ಅಧಿಕಾರಿಯ ಕೈಯಲ್ಲೇ ಉಳಿಯಿತು.

ಕಾರ್ಡುಗಳ ಲೆಕ್ಕ

ಆ ಋತುವಿನ ಕೊನೆಗೆ ಇಟಲಿಯ ಮೊದಲ ದರ್ಜೆಯ ಲೀಗ್ ಆದ ಸೀರಿ ಎ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಕುಲಿಬಾಲಿಗೇ ಬಂತು. ಆದರೆ ಹಳದಿ ಬಣ್ಣ ಅವನನ್ನು ಬಿಡಲಿಲ್ಲ.

ಹಿಂದಿನದನ್ನು ಮೊದಲು ಹೇಳಿಬಿಡುತ್ತೇನೆ. ಫ್ರಾನ್ಸಿನ ಕಿರಿಯರ ತಂಡಕ್ಕೆ ಆಡಿದ್ದರೂ 2015ರಲ್ಲಿ ಅವನು ಸೆನೆಗಲ್ ಆರಿಸಿಕೊಂಡ. ವಿಷಯ ತಿಳಿದಾಗ ಅಪ್ಪ ಅಮ್ಮನ ಕಣ್ಣಲ್ಲಿ ಕಂಡ ಖುಷಿಯನ್ನು ಅವನು ಹೇಳಿಕೊಂಡಿದ್ದಾನೆ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಸೆನೆಗಲ್ ಮತ್ತು ಜಪಾನ್ ಅಂಕ, ಗೋಲು, ಪರಸ್ಪರ ಪಂದ್ಯ ಎಲ್ಲದರಲ್ಲೂ ಸಮ ಆದವು. ಆಗ ಯಾರಿಗೆ ಹಳದಿ ಕಾರ್ಡ್ ಜಾಸ್ತಿ ಅಂತ ನೋಡಿದರು. ಜಪಾನ್‌ಗೆ 4, ಸೆನೆ​ಗಲ್‌ಗೆ 6. ಸೆನೆಗಲ್ ಮನೆಗೆ. ವಿಶ್ವಕಪ್‌ನಲ್ಲಿ ಹೀಗೆ ಹೊರಬಿದ್ದ ಮೊದಲ ತಂಡ ಅದು. ಸ್ಯಾನ್ ಸಿರೋ ಚಪ್ಪಾಳೆ ಅದಾಗಿ ಆರು ತಿಂಗಳಿಗೆ.

2019ರ ಜುಲೈ, ಈಜಿಪ್ಟ್‌ನಲ್ಲಿ ಆಫ್ರಿಕಾ ಕಪ್. ಸೆಮಿಫೈನಲ್‌ನಲ್ಲಿ ಟ್ಯುನೀಷಿಯಾ ವಿರುದ್ಧ ಚೆಂಡು ಕುಲಿಬಾಲಿಯ ಕೈಗೆ ತಾಗಿತು. ಪೆನಾಲ್ಟಿ, ಜೊತೆಗೆ ಹಳದಿ ಕಾರ್ಡ್. ಗೋಲ್ ಕೀಪರ್ ಗೊಮಿಸ್ ಪೆನಾಲ್ಟಿ ಹಿಡಿದು ತಂಡ ಉಳಿಸಿದ, ಸೆನೆಗಲ್ ಫೈನಲ್‌ಗೆ ಹೋಯಿತು. ಆದರೆ ಕಾರ್ಡುಗಳ ಲೆಕ್ಕದಲ್ಲಿ ಕುಲಿಬಾಲಿ ಫೈನಲ್‌ನಿಂದ ಹೊರಗೆ. ಅಲ್ಜೀರಿಯಾ ವಿರುದ್ಧ ಅವನ ಜಾಗದಲ್ಲಿ ಆಡಿದ್ದು ಸಲಿಫ್ ಸಾನೆ. ಎರಡನೇ ನಿಮಿಷದಲ್ಲಿ ಬೌನೆಜಾ ಹೊಡೆದ ಚೆಂಡು ಸಾನೆಗೇ ತಾಗಿ, ಮೇಲೆ ಹಾರಿ, ಕೀಪರ್ ತಲೆ ದಾಟಿ ಗೋಲಿಗೆ ಬಿತ್ತು. 1-0. ಫೈನಲ್ ಅಷ್ಟೇ. ಕುಲಿಬಾಲಿ ಇದ್ದಿದ್ದರೆ ಅನ್ನೋ ಮಾತಿಗೆ ಅರ್ಥವಿಲ್ಲ ಅಂತ ಗೊತ್ತು. ಆದರೂ ಬರುತ್ತದೆ ಅಲ್ವಾ?

ಸಾಲ ತೀರಿದ್ದು 2022ರ ಫೆಬ್ರವರಿ 6ರಂದು, ಕ್ಯಾಮರೂನ್‌ನ ಯೌಂಡೆಯಲ್ಲಿ. ಈಜಿಪ್ಟ್ ವಿರುದ್ಧ ಫೈನಲ್ 0-0, ಪೆನಾಲ್ಟಿ ಶೂಟೌಟ್. ಸೆನೆಗಲ್ ಪರ ಮೊದಲ ಪೆನಾಲ್ಟಿ ಹೊಡೆಯಲು ಬಂದವನು ನಾಯಕ ಕುಲಿಬಾಲಿ. ಡಿಫೆಂಡರ್ ಮೊದಲು ಬರೋದು ಅಪರೂಪ. ಹೊಡೆದ, ಗೋಲು. ಕೊನೆಯದನ್ನು ಸಾಡಿಯೊ ಮಾನೆ ಹೊಡೆದ. 4-2. ಸೆನೆಗಲ್‌ಗೆ ಮೊದಲ ಆಫ್ರಿಕಾ ಕಪ್. ಪಕ್ಕದಲ್ಲಿ ನಿಂತಿದ್ದ ಕೋಚ್ ಅಲಿಯೂ ಸಿಸ್ಸೆ 2002ರ ಆಫ್ರಿಕಾ ಕಪ್ ಫೈನಲ್‌ನಲ್ಲಿ ನಾಯಕನಾಗಿ ಪೆನಾಲ್ಟಿ ಹಾಳು ಮಾಡಿಕೊಂಡವರು. ಇಪ್ಪತ್ತು ವರ್ಷ ಅದನ್ನು ಹೊತ್ತುಕೊಂಡು ತಿರುಗಿದವರು.

ಅದೇ ವರ್ಷ ನವೆಂಬರ್ 29. ಕತಾರ್ ವಿಶ್ವಕಪ್, ಎಕ್ವಡಾರ್ ವಿರುದ್ಧ ಗೆದ್ದರೆ ಮುಂದಿನ ಸುತ್ತು. 1-1 ಇದ್ದಾಗ ಫ್ರೀ ಕಿಕ್‌ನಿಂದ ಬಂದ ಚೆಂಡು ಕುಲಿಬಾಲಿಯ ಮುಂದೆ ಬಿತ್ತು. ಕಾಲಿಟ್ಟ, ಗೋಲು. ದೇಶಕ್ಕಾಗಿ ಅವನ ಮೊದಲ ಗೋಲು ಅದು. ತೋಳಿನ ಪಟ್ಟಿಯ ಮೇಲೆ 19 ಅಂತ ಬರೆದುಕೊಂಡಿದ್ದ. ಅದು ಪಾಪಾ ಬೌಬಾ ಡಿಯೋಪ್ ಅವರ ಅಂಗಿ ನಂಬರ್. ಡಿಯೋಪ್ ತೀರಿಕೊಂಡು ಅವತ್ತಿಗೆ ಸರಿಯಾಗಿ ಎರಡು ವರ್ಷ.

ಇಟಲಿಯಲ್ಲಿ ಕೂಗು ನಿಂತಿತಾ? ಇಲ್ಲ. 2021ರ ಅಕ್ಟೋಬರ್ 3ರಂದು ಫ್ಲಾರೆನ್ಸ್‌ನಲ್ಲಿ ಪಂದ್ಯ ಗೆದ್ದು ಹೊರಗೆ ಬರುವಾಗ ಒಬ್ಬ ಕುಲಿಬಾಲಿಯನ್ನು ಕೋತಿ ಅಂದ. ಈ ಸಲ ಚಪ್ಪಾಳೆ ಇಲ್ಲ. ಅವನು ನೇರ ಆ ಕಡೆ ತಿರುಗಿ, ಇಲ್ಲಿ ಬಂದು ಮುಖಕ್ಕೆ ಹೇಳು ಅಂತ ಕೇಳಿದ. ಫಿಯೊರೆಂಟೀನಾ ಕ್ಲಬ್ ಕ್ಷಮೆ ಕೇಳಿತು. ಮರುವರ್ಷ ಅವನು ಲಂಡನ್ನಿನ ಚೆಲ್ಸಿ ಸೇರಿದ. ಎಂಟು ವರ್ಷ, 300ಕ್ಕೂ ಹೆಚ್ಚು ಪಂದ್ಯ ಆಡಿ ಹೋದ ಮೇಲೆ, ಅವನಿಲ್ಲದ ಮೊದಲ ಋತುವಿನಲ್ಲೇ ನಾಪೋಲಿ ಲೀಗ್ ಗೆದ್ದಿತು. ಫುಟ್‌ಬಾಲ್‌ಗೆ ಇಂಥ ಕೊಂಕು ಬುದ್ಧಿ ಇದೆ.

2024ರ ಜನವರಿ 20ರಂದು ಇಟಲಿಯ ಉಡಿನೆಯಲ್ಲಿ ಎಸಿ ಮಿಲಾನ್‌ನ ಗೋಲ್ ಕೀಪರ್ ಮೈಕ್ ಮೆನ್ಯಾನ್ ಅದೇ ಕೋತಿ ಕೂಗು ಕೇಳಿ ಕೈಗವಸು ತೆಗೆದು ನಡೆದುಬಿಟ್ಟ. ತಂಡ ಅವನ ಹಿಂದೆಯೇ ನಡೆಯಿತು. ರೆಫರಿ ಕಾರ್ಡ್ ತೋರಿಸಲಿಲ್ಲ, ಪಂದ್ಯ ನಿಲ್ಲಿಸಿದರು. ಅದಾಗಿ ನಾಲ್ಕು ತಿಂಗಳಿಗೆ, ಮೇ 17ರಂದು, ಬ್ಯಾಂಕಾಕ್‌ನಲ್ಲಿ ಸೇರಿದ ಫಿಫಾ ಮಹಾಸಭೆ ಒಂದು ಸನ್ನೆಯನ್ನು ಒಪ್ಪಿಕೊಂಡಿತು. ಆಟಗಾರ ಎರಡು ಮಣಿಕಟ್ಟುಗಳನ್ನು ಅಡ್ಡ ಇಟ್ಟು ತೋರಿಸಿದರೆ, ನನ್ನನ್ನು ಬಣ್ಣ ಹಿಡಿದು ಬೈಯುತ್ತಿದ್ದಾರೆ ಅಂತ ಅರ್ಥ. ಅದನ್ನು ನೋಡಿ ರೆಫರಿ ಮೂರು ಹೆಜ್ಜೆಯ ಕ್ರಮ ಶುರು ಮಾಡಬೇಕು.

ಕುಲಿಬಾಲಿ ಆಗ ರಿಯಾದ್‌ನಲ್ಲಿದ್ದ. ಅವನ ಹೊಸ ಕ್ಲಬ್ ಅಲ್ ಹಿಲಾಲ್ ಅದಕ್ಕೆ ಆರು ದಿನ ಮುಂಚೆ ಸೌದಿ ಲೀಗ್ ಗೆದ್ದಿತ್ತು.